ಗುರಲಿಂಗಪ್ಪನ ಮೋಟರಿಗೆ ಬರುತ್ತಿದ್ದ ಫೋನು

ನಿಡೋಣಿಯ ಗುರಲಿಂಗಪ್ಪನಿಗೆ ದೇವರು ಫೋನು ಬೇಕಾಗದಂಥ ಗಂಟಲು ಕೊಟ್ಟಿದ್ದ. ಅವನು ತನ್ನ ತೋಟದಲ್ಲಿ ನಿಂತು ಕೆಮ್ಮಿದರೆ ತೊರವಿಯಲ್ಲಿ ಕಟ್ಟಿದ ಎಮ್ಮೆ ಹಗ್ಗ ಹರಿದುಕೊಳ್ಳುತ್ತಿತ್ತು. ಸೀನಿದ ದಿನ ವಿಜಯಪುರದ ಜೋರಾಪುರ ಪೇಟೆಯ ಅಂಗಡಿಕಾರರು ಗುಡುಗೆಂದು ತಿಳಿದು ಕಾಳಿನ ಚೀಲಗಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಇಂಥ ಮನುಷ್ಯ ಜೇಬಿನಲ್ಲಿ ಫೋನು ಇಟ್ಟುಕೊಂಡದ್ದೇ ಒಂದು ಗೊಂದಲ. ಉಳಿದ ಗೊಂದಲಗಳೆಲ್ಲ ಅದರ ಬೆನ್ನು ಹತ್ತಿಯೇ ಬಂದವು.

ಅವನಿಗೆ ಬಬಲೇಶ್ವರದಲ್ಲಿ ಗೊಬ್ಬರದ ಅಂಗಡಿ, ಊರ ಹೊರಗೆ ದ್ರಾಕ್ಷಿ ತೋಟ. ತೋಟದ ಗುಡಿಸಲಿನಲ್ಲಿ ಇದ್ದುಕೊಂಡು ಕಾಯುವವಳು ಮಲಕವ್ವ. ಅವಳಿಗೆ ಕೆಲವು ಕುರಿಗಳೂ ಇದ್ದವು, ಲೋಕದ ಎಲ್ಲ ವಿಷಯದ ಮೇಲೆ ಅಭಿಪ್ರಾಯಗಳೂ ಇದ್ದವು. ಮನೆಯಲ್ಲಿ ಹೆಂಡತಿ ರೇಣುಕವ್ವ ಮತ್ತು ಒಬ್ಬಳೇ ಮಗಳು ಐಶ್ವರ್ಯ. ಮಗಳು ವಿಜಯಪುರದ ಕಾಲೇಜೊಂದರಲ್ಲಿ ಪಿಯುಸಿ ಮೊದಲ ವರ್ಷದ ವಿಜ್ಞಾನ ಓದುತ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

ಗುರಲಿಂಗಪ್ಪನದು ಗುಂಡಿ ಒತ್ತುವ ಹಳೆಯ ಫೋನು. ಕಾಲೇಜು ಬಿಡುವ ಹೊತ್ತಿಗೆ ಮಗಳಿಗೆ ಒಂದು ಸಲ ಕರೆ ಹಚ್ಚುವುದು ಬಿಟ್ಟರೆ ಅದರಿಂದ ಅವನಿಗೆ ಬೇರೆ ಕೆಲಸವಿರಲಿಲ್ಲ.

"ಬಸ್ ಹತ್ತಿದೇನ?"

"ಹತ್ತೇನಿ, ಸಾವಕಾಶ ಮಾತಾಡ ಯಪ್ಪಾ. ಬಸ್ಸಿನ್ಯಾಗಿನ ಮಂದೀಗೆಲ್ಲ ಕೇಳಾಕತ್ತೈತಿ."

ಇಷ್ಟೇ ಮಾತು. ಅವನು ನಂಬರು ಓದುತ್ತಿರಲಿಲ್ಲ, ಹೆಸರು ಹುಡುಕುತ್ತಿರಲಿಲ್ಲ. "ಎರಡರ ಗುಂಡಿ ಒತ್ತಿ ಹಿಡಿ, ನನಗ ಬರತೈತಿ" ಎಂದು ಮಗಳೇ ಯಾವಾಗಲೋ ಹೊಂದಿಸಿಕೊಟ್ಟಿದ್ದಳು. ಅವನ ಪಾಲಿಗೆ ಎರಡು ಎಂದರೆ ಮಗಳು. ಅಂಗಡಿಗೆ ಬಂದವರು ಎರಡು ಚೀಲ ಯೂರಿಯಾ ಕೇಳಿದರೂ ಅವನ ಮುಖ ಮೆತ್ತಗಾಗುತ್ತಿತ್ತು.

ಹೀಗಿರಲು ಕಾಲೇಜಿನಲ್ಲಿ ಪಾಲಕರ ಸಭೆ ನಡೆಯಿತು. ಹದಿಹರೆಯದ ಮಕ್ಕಳು ಫೋನಿನ ಜೊತೆ ಹೇಗೆ ಚೆನ್ನಾಗಿ ಬಾಳಬೇಕು, ಅದನ್ನು ತಾಯಿತಂದೆ ಹೇಗೆ ಕಲಿಸಬೇಕು ಎಂದು ಒಬ್ಬರು ಹೇಳಿದರು. ಗುರಲಿಂಗಪ್ಪ ಮುಂದಿನ ಸಾಲಿನಲ್ಲಿ ಕೂತು, ಫೋನಿನಿಂದ ಮಕ್ಕಳು ಹೇಗೆ ಕೆಡುತ್ತಾರೆ ಎಂಬ ಭಾಗವನ್ನು ಕಣ್ಣು ಪಿಳಿಕಿಸದೆ ಕೇಳಿದ. ಅದು ಮುಗಿದು, ಕಸಿದುಕೊಳ್ಳಬೇಡಿ, ಪಕ್ಕದಲ್ಲಿ ಕೂತು ಮಾತಾಡಿ, ಅವರನ್ನು ನಂಬಿ ಎಂಬ ಭಾಗ ಶುರುವಾಗುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತು. ಬಾಯಿ ತೆರೆದುಕೊಂಡಿತು. ಆ ಬಾಯಿಯೊಳಗೆ ಎರಡು ಗುಬ್ಬಿಗಳು ಹೋಗಿ ಗೂಡಿಗೆ ಜಾಗ ನೋಡಿಕೊಂಡು ಹೊರಬಂದವೆಂದು ಪ್ರತೀತಿ. ಕಡೆಯಲ್ಲಿ ಜನ ಚಪ್ಪಾಳೆ ತಟ್ಟಿದಾಗ ಎಚ್ಚರಾಗಿ ಎಲ್ಲರಿಗಿಂತ ಜೋರಾಗಿ ತಟ್ಟಿದ. ಹೀಗೆ ರೋಗದ ವರ್ಣನೆಯನ್ನು ಪೂರ್ತಿ ಕೇಳಿಕೊಂಡು, ಮದ್ದನ್ನು ಅಲ್ಲೇ ಬಿಟ್ಟು ಮನೆಗೆ ಬಂದ.

ಸಭೆಯಲ್ಲಿ ಐಶ್ವರ್ಯಳ ಗೆಳತಿ ಸುಧಾರಾಣಿ ಆ ತೆರೆದ ಬಾಯಿಯ ಫೋಟೋ ಹೊಡೆದಿದ್ದಳು. ಮರುದಿನ ಊಟದ ಹೊತ್ತಿಗೆ ಅದು ಐಶ್ವರ್ಯಳ ಫೋನಿಗೆ ಬಂತು. ಹುಡುಗಿ ರೊಟ್ಟಿ ಮುರಿಯುವುದನ್ನು ಬಿಟ್ಟು ನಕ್ಕಳು.

"ಯಾಕ ನಗಾಕತ್ತಿ?" ಎಂದ ಗುರಲಿಂಗಪ್ಪ.

"ಏನಿಲ್ಲ."

"ಏನಿಲ್ಲದ್ದಕ್ಕ ಯಾರರ ನಗತಾರೇನ?"

"ಸುಮ್ನ ನಕ್ನಿ."

ಅಪ್ಪನ ಫೋಟೋ ನೋಡಿ ಅಪ್ಪನೆದುರೇ ನಕ್ಕೆ ಎಂದು ಯಾವ ಮಗಳು ಹೇಳುತ್ತಾಳೆ? ಆದರೆ ಆ 'ಏನಿಲ್ಲ' ಗುರಲಿಂಗಪ್ಪನ ತಲೆಯಲ್ಲಿ ಮೊಳಕೆಯೊಡೆದು, ಬೆಳಗಾಗುವುದರಲ್ಲಿ ಹುಣಸೆಮರವಾಗಿ, ಅದರ ಕೊಂಬೆಗಳು ಕಿವಿಯಿಂದ ಹೊರಬರತೊಡಗಿದವು.

ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ದ್ರಾಕ್ಷಿಯದು. ಬಳ್ಳಿ ಬರೀ ಎಲೆ ಬಿಡತೊಡಗಿದರೆ ಕತ್ತರಿ ಹಿಡಿದು ಚಾಟ್ನಿ ಮಾಡಬೇಕು. ಬೇಡದ ಕುಡಿ ಕತ್ತರಿಸಿದರೆ ಉಳಿದದ್ದು ಕಾಯಿ ಬಿಡುತ್ತದೆ. ಮಗಳ ಫೋನಿಗೂ ಚಾಟ್ನಿ ಮಾಡುವುದೆಂದು ನಿಶ್ಚಯಿಸಿ, ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಒಂದೊಂದನ್ನೇ ಬೆರಳಿಟ್ಟು ಕೇಳಿದ.

"ಇದೇನ?"

"ದಾರಿ ತೋರಸ್ತೈತಿ."

"ನಿಡೋಣಿಯಿಂದ ವಿಜಯಪುರದ ದಾರಿ ಬಸ್ಸಿನಾಂವಗ ಗೊತ್ತೈತಿ. ತಗಿ. ಇದು?"

"ಲೆಕ್ಕಾ ಮಾಡತೈತಿ."

"ಸೈನ್ಸ್ ಓದಾಕಿಗೆ ಲೆಕ್ಕಾ ಬರಂಗಿಲ್ಲೇನ? ತಗಿ. ಇದು?"

"ಹುಡುಗ್ಯಾರ ಗುಂಪು. ನೋಟ್ಸ್ ಬರತಾವ." ಎಂದಳು ಮಗಳು. ಅಲ್ಲೇ ಆ ಫೋಟೋ ಇತ್ತು. ಅವಳು ಅದರ ಮೇಲೆ ಹೆಬ್ಬೆರಳು ಇಟ್ಟಳು. ಗುರಲಿಂಗಪ್ಪ ಫೋಟೋ ನೋಡಲಿಲ್ಲ, ಹೆಬ್ಬೆರಳು ನೋಡಿದ. ಏನೋ ಮುಚ್ಚುತ್ತಿದ್ದಾಳೆ ಎಂಬುದು ಖಾತ್ರಿಯಾಯಿತು. ಚಾಟ್ನಿ ಅಲ್ಲಿಗೇ ನಿಂತು, ಬಳ್ಳಿಯನ್ನು ಬೇರು ಸಹಿತ ಕಿತ್ತು, ಅಂದರೆ ಫೋನಿನಿಂದ ಸಿಮ್ ತೆಗೆದು, ಫೋನನ್ನು ತನ್ನ ಬಟ್ಟೆಬರೆ ಇಡುವ ತಿಜೋರಿಗೆ ಹಾಕಿ ಬೀಗ ಜಡಿದ.

ಮರುದಿನ ಮಗಳಿಗೊಂದು ಗುಂಡಿ ಫೋನು, ಅದಕ್ಕೊಂದು ಹೊಸ ನಂಬರು ಬಂತು. "ಅವಸರಕ್ಕ ಇದು ಸಾಕು" ಎಂದ. ಮಗಳು ಅದನ್ನು ಕೊಳೆತ ಬದನೆಕಾಯಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಬ್ಯಾಗಿಗೆ ಹಾಕಿಕೊಂಡಳು.

ಹಳೆಯ ಸಿಮ್ಮಿನ ಕಥೆ ಬೇರೆ. ಅದಕ್ಕೆ ಆಗಷ್ಟೇ ರೀಚಾರ್ಜ್ ಮಾಡಿಸಿತ್ತು. ಸುಮ್ಮನೆ ಬಿಸಾಕಲು ಗುರಲಿಂಗಪ್ಪನಿಗೆ ಮನಸ್ಸು ಬರಲಿಲ್ಲ. ಅದೇ ದಿನ ಟಿಕೋಟಾದ ಮೋಟರ್ ಮಿಸ್ತ್ರಿ ಸುಭಾಷ ತೋಟಕ್ಕೆ ಬಂದು, ಬೋರಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಕೂರಿಸುತ್ತಿದ್ದ. ಆ ಡಬ್ಬಿಯೊಳಗೆ ಒಂದು ಸಿಮ್ ಹಾಕಿದರೆ, ಎಲ್ಲಿಂದಲಾದರೂ ಅದಕ್ಕೆ ಫೋನು ಹಚ್ಚಿ ಮೋಟರ್ ಚಾಲೂ ಮಾಡಬಹುದು. ಮೋಟರಿನ ಪಕ್ಕದಲ್ಲೇ ಮಲಕವ್ವ ಇರುವಾಗ ಅದರ ಅಗತ್ಯವೇನೂ ಇರಲಿಲ್ಲ. ಆದರೆ ಸುತ್ತಲಿನ ತೋಟದವರೆಲ್ಲ ಹಾಕಿಸಿದ್ದರು. ತನ್ನ ಮೋಟರು ಮಾತ್ರ ಓದುಬರಹವಿಲ್ಲದ ಅಡಾಣಿಯಾಗಿ ಉಳಿಯುವುದು ಅವನಿಗೆ ಅವಮಾನ.

"ಚಾಲೂ ಇರೋ ಒಂದು ಸಿಮ್ ಕೊಡ್ರಿ" ಎಂದ ಸುಭಾಷ.

ಗುರಲಿಂಗಪ್ಪ ಮಗಳ ಸಿಮ್ ಕೊಟ್ಟ.

"ಯಾವ್ಯಾವ ನಂಬರಿಂದ ಫೋನ ಬಂದ್ರ ಚಾಲೂ ಆಗಬೇಕಂತ ಇದ್ರಾಗ ಬರಸಬೇಕ್ರಿ. ಇಲ್ಲಂದ್ರ ಯಾರ ಹಚ್ಚಿದ್ರೂ ಮೋಟರ್ ಹೊಂಡತೈತಿ."

"ಮೋಟರಿಗೆ ಯಾರ್ ಫೋನ ಹಚ್ಚತಾರೋ? ಆಮ್ಯಾಗ ಬರಸೋಣಂತ ನಡಿ."

ಸುಭಾಷ ನಡೆದ. ಮರುದಿನ ಅಂಗಡಿಯಲ್ಲಿ ಕೂತ ಗುರಲಿಂಗಪ್ಪ, ಕಾಲೇಜು ಬಿಡುವ ಹೊತ್ತಾಯಿತೆಂದು, ಎಂದಿನಂತೆ ಎರಡರ ಗುಂಡಿ ಒತ್ತಿ ಹಿಡಿದ. ರಿಂಗಾಯಿತು, ಕಟ್ಟಾಯಿತು. ಮಗಳಿಗೆ ಸಿಟ್ಟು ಬಂದಿದೆ, ಎತ್ತದೆ ಕಟ್ ಮಾಡುತ್ತಿದ್ದಾಳೆ ಎಂದುಕೊಂಡ. ಮರುದಿನವೂ ಅಷ್ಟೇ. ಸಿಟ್ಟು ಇಳಿದ ಮೇಲೆ ತಾನೇ ಎತ್ತುತ್ತಾಳೆಂದು ದಿನಾ ಹಚ್ಚುತ್ತಲೇ ಹೋದ. ಮನೆಯಲ್ಲಿ ಅದರ ಮಾತೆತ್ತಲಿಲ್ಲ. ಕಟ್ ಮಾಡಿಸಿಕೊಂಡವನು ತಾನಾಗಿ ಕೇಳಿದರೆ ಅಪ್ಪನ ಘನತೆ ಏನಾಗಬೇಕು?

ಅತ್ತ ಬಸ್ಸಿನಲ್ಲಿ ಐಶ್ವರ್ಯ ಗುಂಡಿ ಫೋನು ಕೈಯಲ್ಲಿ ಹಿಡಿದು ಕೂತಿರುತ್ತಿದ್ದಳು. ಅದು ಒಂದು ದಿನವೂ ಸದ್ದು ಮಾಡಲಿಲ್ಲ. ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಅವಳೂ ಮಾತೆತ್ತಲಿಲ್ಲ. ಅಪ್ಪ ಮಗಳು ಎದುರುಬದುರು ಕೂತು ಉಣ್ಣುತ್ತಿದ್ದರೆ ರೊಟ್ಟಿ ಮುರಿಯುವ ಸದ್ದು ಬಬಲೇಶ್ವರದವರೆಗೂ ಕೇಳುತ್ತಿತ್ತು.

ಆಗ ತೋಟದಿಂದ ಮಲಕವ್ವ ಸುದ್ದಿ ತಂದಳು. "ಸಾವ್ಕಾರ್ರ, ಮೋಟರಿಗೆ ಏನೋ ಬಡದೈತ್ರಿ. ರವಿವಾರ ಬಿಟ್ಟು ದಿನಾ ಇಳಿಹೊತ್ತಿಗೆ ತನ್ನಷ್ಟಕ್ಕ ತಾನ ಗುರ್ ಅಂತ ಎದ್ದು ಕುಂದರತೈತಿ. ನಾ ಕುರಿ ಹೊಡಕೊಂಡು ಹೋಗಿರ್ತೇನಿ. ಬಂದು ನೋಡೂದ್ರಾಗ ನೀರು ಹರದು ಹರದು ತೋಟೆಲ್ಲ ರಾಡಿ."

ಕಾಯಿಗೆ ಸಿಹಿ ಏರುವ ಕಾಲ. ಈ ಹೊತ್ತಿನಲ್ಲಿ ದ್ರಾಕ್ಷಿಗೆ ನೀರು ಹೆಚ್ಚಾದರೆ ಕಾಯಿ ಉಬ್ಬಿ ಸೀಳುತ್ತದೆ. ಬೋರಿನ ಹತ್ತಿರದ ಸಾಲುಗಳಲ್ಲಿ ಆಗಲೇ ಒಂದೊಂದು ಕಾಯಿ ಕೋಳಿಮೊಟ್ಟೆಯಷ್ಟಾಗಿತ್ತು, ಕೆಲವು ಕಲ್ಲಂಗಡಿಯಾಗುವ ಯೋಚನೆಯಲ್ಲಿದ್ದವು. ಗುರಲಿಂಗಪ್ಪ ಸುಭಾಷನನ್ನು ಕರೆಸಿದ.

"ಯಾರೋ ಈ ಸಿಮ್ಮಿಗೆ ಫೋನ ಹಚ್ಚಾಕತ್ತಾರ್ರಿ" ಎಂದ ಸುಭಾಷ. "ಸಿಮ್ ತಗದು ನನ್ನ ಫೋನಿನ್ಯಾಗ ಹಾಕಿ ಕುಂತ್ರ ಯಾವ ನಂಬರಂತ ಕಾಣತೈತಿ. ನೋಡ್ಲೇನ್ರಿ?"

ಗುರಲಿಂಗಪ್ಪ ಡಬ್ಬಿಗೆ ಅಡ್ಡ ಬಂದು ನಿಂತ. ಅದು ಮಗಳ ನಂಬರು. ಕಾಲೇಜು ಬಿಡುವ ಹೊತ್ತಿಗೆ, ರವಿವಾರ ಬಿಟ್ಟು ದಿನಾ, ಹದಿನಾರು ವರ್ಷದ ಹುಡುಗಿಯ ನಂಬರಿಗೆ ಫೋನು ಹಚ್ಚುವವನು ಯಾರಿರುತ್ತಾನೆ? ಹುಡುಗನೇ. ಆ ಹುಡುಗನ ಹೆಸರು ಸುಭಾಷನಿಗೆ ಗೊತ್ತಾದರೆ ಅದು ಟಿಕೋಟಾದ ಚಹಾದಂಗಡಿಯಿಂದ ಹೊರಟು, ತಾನು ಗಾಡಿಗೆ ಕಿಕ್ ಹೊಡೆಯುವ ಮೊದಲೇ ನಿಡೋಣಿ ಮುಟ್ಟಿರುತ್ತದೆ.

"ಬ್ಯಾಡ, ಬ್ಯಾಡ. ನೀ ಹೋಗು. ನಾನ ನೋಡಕೋತೇನಿ."

ಆ ರವಿವಾರ ಮಗಳನ್ನು ನಿಲ್ಲಿಸಿಕೊಂಡು ಕೇಳಿದ. "ಯಾರವಾ?"

"ಯಾರು?"

"ಕಾಲೇಜ ಬಿಟ್ಟ ಕೂಡ್ಲೆ ದಿನಾ ನಿನಗ ಫೋನ ಹಚ್ಚಾಂವ."

ಹುಡುಗಿಯ ಮುಖ ಕೆಂಪಾಯಿತು. "ನನಗ್ಯಾರು ಫೋನ ಹಚ್ಚತಾರ? ನನ್ನ ಸಿಮ್ ನಿನ್ನ ಮೋಟರಿನ್ಯಾಗ ಐತಿ. ಹೋಗಿ ಮೋಟರಿನ್ನ ಕೇಳ ಯಪ್ಪಾ."

"ಹೆಸರ ಹೇಳೂತನಾ ಕಾಲೇಜ ಬಂದ್."

"ಇಲ್ಲದ ಹುಡುಗಗ ಎಲ್ಲಿಂದ ಹೆಸರ ತರ್ಲಿ?" ಎಂದು ಹೇಳಿ ಐಶ್ವರ್ಯ ಒಳಗೆ ಹೋದಳು. ಅವಳು ಅಳುವ ಹುಡುಗಿಯಲ್ಲ. ಅಂದು ಅತ್ತಳು. ಅವಳಿಗೆ ಓದುವ ಆಸೆ ಎಷ್ಟಿತ್ತೆಂದರೆ, ಉಪ್ಪಿನಕಾಯಿ ಕಟ್ಟಿಕೊಟ್ಟ ಹಳೇ ಪೇಪರನ್ನೂ ಎಣ್ಣೆ ಒರೆಸಿ ಓದುತ್ತಿದ್ದಳು.

ಸೋಮವಾರ ಅವಳು ಮನೆಯಲ್ಲಿ ಉಳಿದಳು. ಮಗಳು ಬಸ್ಸು ಹತ್ತುವುದೇ ಇಲ್ಲವಾದ್ದರಿಂದ ಗುರಲಿಂಗಪ್ಪ ಅಂಗಡಿಯಲ್ಲಿ ಫೋನು ಜೇಬಿನಿಂದ ತೆಗೆಯಲಿಲ್ಲ. ಸಂಜೆ ಮಲಕವ್ವ ಬಂದು, "ಇವತ್ತ ಮೋಟರ್ ತಣ್ಣಗ ಮಲಗೇತ್ರಿ" ಎಂದಳು. ಮಂಗಳವಾರವೂ ಮಲಗಿತ್ತು.

"ನೋಡಿದ್ಯಾ?" ಎಂದ ಹೆಂಡತಿಗೆ. "ಇಕಿ ಕಾಲೇಜಿಗೆ ಬಂದಿಲ್ಲಂತ ಅವಗ ಗೊತ್ತಾಗೈತಿ. ಅದಕ್ಕ ಹಚ್ಚವಲ್ಲ. ಇದಕ್ಕಿಂತ ಸಾಕ್ಷಿ ಏನ್ ಬೇಕು?"

ರೇಣುಕವ್ವನಿಗೆ ತಲೆ ತಿರುಗಿತು. "ಮೋಟರ್ ಚಾಲೂ ಆದ್ರೂ ಹುಡುಗ, ಬಂದ್ ಆದ್ರೂ ಹುಡುಗ. ನಿಮ್ಮ ಲೆಕ್ಕದಾಗ ಹುಡುಗ ಇಲ್ಲಂದ್ರ ಮೋಟರ್ ಏನ್ ಮಾಡಬೇಕ್ರಿ?"

ನಿಜ ಹೇಳಬೇಕೆಂದರೆ ಅವನ ತಲೆಯೊಳಗೆ ಒಬ್ಬ ಹುಡುಗ, ಒಂದು ಮೋಟರು, ಒಂದು ಹೆಬ್ಬೆರಳು ಒಂದರ ಹಿಂದೊಂದು ಗಾಣದೆತ್ತಿನಂತೆ ಸುತ್ತುತ್ತಿದ್ದವು. ಯಾವುದು ಮುಂದೆ ಯಾವುದು ಹಿಂದೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

"ನಾಳೆ ಪ್ರಾಕ್ಟಿಕಲ್ ಪರೀಕ್ಷಾ ಐತಿ" ಎಂದಳು ರೇಣುಕವ್ವ. "ತಪ್ಪಿದ್ರ ವರ್ಷ ಹೊಕ್ಕೈತಿ. ನೀವು ಕಳಸ್ರಿ ಬಿಡ್ರಿ, ನಾ ಕಳಸಾಕಿ."

"ಹೋಗ್ಲಿ. ನಾಳೆ ಇಕಿ ಹೋದ್ರ ಅವ ಹಚ್ಚೇ ಹಚ್ಚತಾನ. ನಾ ತೋಟದಾಗ ಕುಂತು ಹಿಡೀತೇನಿ. ಹಿಡದ ಮ್ಯಾಲೆ ಇಕಿ ಕಾಲೇಜ ಕಾಯಂ ಬಂದ್."

ಬುಧವಾರ ಅಂಗಡಿ ಮುಚ್ಚಿ, ಮೋಟರಿನ ಡಬ್ಬಿಯ ಎದುರು ಕಂಬಳಿ ಹಾಸಿ ಕೂತ. ಫೋನು ಬಂದ ಕ್ಷಣ ಡಬ್ಬಿಗೆ ಕಿವಿ ಹಚ್ಚಿದರೆ ಹುಡುಗನ ದನಿ ಕೇಳೀತು, ದನಿ ಕೇಳಿದರೆ ಯಾರ ಮನೆಯವನೆಂದು ಹೇಳಬಹುದು ಎಂಬುದು ಅವನ ಯೋಜನೆ.

"ಡಬ್ಬಿ ಮಾತಾಡತೈತೇನ್ರಿ?" ಎಂದಳು ಮಲಕವ್ವ, ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತ.

"ಮಂದಿ ಫೋನ ಮಾಡಿದ್ರ ದನಿ ಬರದ ಏನ್ ಬರತೈತಿ ಬೇ?"

"ನೀರು ಬರತೈತ್ರಿ."

ಇಳಿಹೊತ್ತಾಯಿತು. ಕಾಲೇಜು ಬಿಟ್ಟಿರಬೇಕು. ಪರೀಕ್ಷೆ ಹೇಗಾಯಿತೋ, ಬಸ್ಸು ಸಿಕ್ಕಿತೋ ಇಲ್ಲವೋ. ಇಂದಾದರೂ ಎತ್ತಬಹುದೆಂದು ಗುರಲಿಂಗಪ್ಪ ಡಬ್ಬಿಯ ಮೇಲಿನ ಕಣ್ಣು ತೆಗೆಯದೆಯೇ ಜೇಬಿನಿಂದ ಫೋನು ತೆಗೆದು ಎರಡರ ಗುಂಡಿ ಒತ್ತಿ ಹಿಡಿದ. ರಿಂಗಾಯಿತು. ಡಬ್ಬಿಯೊಳಗೆ ಟಕ್ ಎಂದಿತು. ಮೋಟರು ಗುರ್ ಎಂದು ಎದ್ದಿತು.

ಗುರಲಿಂಗಪ್ಪ ಫೋನು ಕಂಬಳಿಯ ಮೇಲೆ ಒಗೆದು ಡಬ್ಬಿಯನ್ನು ತಬ್ಬಿಕೊಂಡ. "ಯಾರಲೇ ನೀ? ಯಾರ ಮಗ? ಮಾತಾಡಲೇ." ಆ ಗರ್ಜನೆಗೆ ಜೋರಾಪುರ ಪೇಟೆಯಲ್ಲಿ ಚೀಲಗಳು ತಾವಾಗಿಯೇ ಒಳಗೆ ಉರುಳಿರಬೇಕು. ಡಬ್ಬಿ ಏನೂ ಹೇಳಲಿಲ್ಲ. ಅವನು ಕೆಂಪು ಗುಂಡಿ ಒತ್ತಿ ಮೋಟರು ನಿಲ್ಲಿಸಿದ.

"ಬಂದಿದ್ದ ಬೇ, ಬಂದು ಹ್ವಾದ. ತಡಿ, ಇಕಿಗೆ ಹೇಳತೇನಿ, ನಿನ್ನ ಹುಡುಗ ಸಿಕ್ಕಂತ" ಎಂದು ಮತ್ತೆ ಎರಡು ಒತ್ತಿದ. ಟಕ್. ಗುರ್.

ಮಲಕವ್ವ ಕುರಿಮರಿ ಬಿಟ್ಟು ಎದ್ದು ನಿಂತಳು. "ಸಾವ್ಕಾರ್ರ, ಆ ಹುಡುಗ ಇಲ್ಲೇ ಎಲ್ಲೋ ಗಿಡದ ಮ್ಯಾಲೆ ಕುಂತಾನ್ರಿ. ನೀವು ಫೋನ ತಗದದ್ದು ನೋಡಿನ ಹಚ್ಚಾಕತ್ತಾನ. ನಿಮ್ಮನ್ನ ಆಡಸಾಕತ್ತಾನ."

ಇದು ಗುರಲಿಂಗಪ್ಪನಿಗೂ ಸರಿಯೆನಿಸಿತು. ಇಬ್ಬರೂ ಬೇವಿನಮರದ ಕೆಳಗೆ ನಿಂತು ಕೊಂಬೆಕೊಂಬೆ ನೋಡಿದರು. ಮಲಕವ್ವ ಕಲ್ಲು ಒಗೆದಳು. ಒಂದು ಕಾಗೆ ಎದ್ದು ಹೋಯಿತು. ಅದು ಹುಡುಗನಲ್ಲ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

"ಯಾರಿಗೂ ಕಾಣದಂಗ ಹಚ್ಚಿ ನೋಡತೇನಿ" ಎಂದು ಅವನು ಗುಡಿಸಲೊಳಗೆ ಹೋಗಿ, ಕಂಬಳಿ ತಲೆಯ ಮೇಲೆ ಹೊದ್ದು, ಆ ಕತ್ತಲಲ್ಲಿ ಎರಡು ಒತ್ತಿದ. ಹೊರಗೆ ಮೋಟರು ಗುರ್ ಎಂದಿತು.

ತಿಳಿವಳಿಕೆ ಎನ್ನುವುದು ಅವನೊಳಗೆ ಒಮ್ಮೆಗೇ ಬರಲಿಲ್ಲ. ಡ್ರಿಪ್ಪಿನ ಪೈಪಿನಲ್ಲಿ ಬಂದ ಹಾಗೆ ಹನಿಹನಿಯಾಗಿ ಬಂತು. ಎರಡು ಎಂದರೆ ಮಗಳಲ್ಲ. ಎರಡು ಎಂದರೆ ಮಗಳ ಹಳೆಯ ನಂಬರು. ಹಳೆಯ ನಂಬರು ಡಬ್ಬಿಯಲ್ಲಿದೆ. ಕಾಲೇಜು ಬಿಡುವ ಹೊತ್ತಿಗೆ, ರವಿವಾರ ಬಿಟ್ಟು ದಿನಾ, ಹುಡುಗಿಗೆ ಫೋನು ಹಚ್ಚುತ್ತಿದ್ದವನು ತಾನೇ.

"ಸಿಕ್ಕನೇನ್ರಿ?" ಎಂದು ಮಲಕವ್ವ ಹೊರಗಿನಿಂದ ಕೇಳಿದಳು.

"ಸಿಕ್ಕ ಬೇ. ಮೋಟರ್ ಬಂದ್ ಮಾಡು."

ಗಾಡಿ ಹತ್ತಿ ಊರಿನ ಬಸ್ ಸ್ಟ್ಯಾಂಡಿಗೆ ಬಂದು ನಿಂತ. ಬಸ್ಸು ಬಂತು. ಐಶ್ವರ್ಯ ಇಳಿದು, ಅಪ್ಪ ನಿಂತದ್ದು ಕಂಡು, ಎದುರಿಗೆ ಬಂದು ನಿಂತಳು. ಅವಳ ಮುಖದಲ್ಲಿ ಮುಂದಿನದು ಗೊತ್ತಿದ್ದವರ ಗಟ್ಟಿತನವಿತ್ತು.

"ಹಿಡದೇನ ಯಪ್ಪಾ, ಹುಡುಗನ್ನ?"

"ಹಿಡದ್ನಿ."

"ಯಾರಂತ?"

ಗುರಲಿಂಗಪ್ಪ ಗಾಡಿಯ ಕನ್ನಡಿ ಸರಿಮಾಡಿದ, ಅದು ಸರಿಯಾಗಿಯೇ ಇತ್ತು. "ಹುಡುಗ ಅನ್ನಾಕ ಬರಂಗಿಲ್ಲ. ವಯಸ್ಸಾಗೈತಿ. ಬಬಲೇಶ್ವರದಾಗ ಗೊಬ್ಬರದ ಅಂಗಡಿ ಐತಿ ಅವಂದು."

ಹುಡುಗಿಗೆ ಮೊದಲು ತಿಳಿಯಲಿಲ್ಲ. ಅವನು ಫೋನು ತೆಗೆದು ಎರಡರ ಗುಂಡಿಯನ್ನು ಒತ್ತದೆ, ಬರೀ ತೋರಿಸಿದ. ಆಗ ತಿಳಿಯಿತು. ನಗುತ್ತಾಳೆಂದು ಅವನು ಕಾದ. ಅವಳು ನಗಲಿಲ್ಲ.

"ಹಂಗಂದ್ರ ನೀ ದಿನಾ ಹಚ್ಚತಿದ್ದಿ?"

"ದಿನಾ. ನೀ ಕಟ್ ಮಾಡತೀ ಅನ್ಕೊಂಡಿದ್ನಿ."

"ನೀ ಹಚ್ಚೂದನ್ನ ಬಿಟ್ಟಿ ಅನ್ಕೊಂಡಿದ್ನಿ ನಾ." ಅವಳು ಬ್ಯಾಗಿನ ಪಟ್ಟಿ ಹೆಗಲಿಗೆ ಏರಿಸಿಕೊಂಡಳು. "ನನ್ನ ಕೇಳಿದ್ರ ಮುಗೀತಿತ್ತು."

"ಕೇಳಿದ್ನಲ್ಲ, ಯಾರವಾ ಅಂತ."

"ಅದು ಕೇಳಿದ್ದಲ್ಲ ಯಪ್ಪಾ. ಅದು ಹೇಳಿದ್ದು."

ಗುರಲಿಂಗಪ್ಪನಿಗೆ ಎರಡರ ನಡುವಿನ ವ್ಯತ್ಯಾಸ ಪೂರ್ತಿ ಹೊಳೆಯಲಿಲ್ಲ. ಆದರೆ ಏನೋ ಇರಬೇಕು ಎನಿಸಿತು. "ನಾಳೆಯಿಂದ ಕಾಲೇಜಿಗೆ ಹೋಗು" ಎಂದ, ಅವನ ಗಂಟಲಿಗೆ ಅಷ್ಟು ಸಣ್ಣ ದನಿ ಇದೆಯೆಂದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ. "ನಿನ್ನ ಫೋನೂ ಕೊಡತೇನಿ, ತಗೋ."

"ಈಗ ಬ್ಯಾಡ. ಪರೀಕ್ಷಾ ಮುಗಿಯೂತನಾ ತಿಜೋರ್ಯಾಗ ಇರ್ಲಿ. ಕೈಯಾಗ ಇದ್ರ ನಾನೂ ನೋಡಕೋತ ಕುಂದರತೇನಿ, ಸುಳ್ಳ್ಯಾಕ. ನೋಟ್ಸ್ ಬೇಕಾದಾಗ ತಗದು, ಮುಗದ ಮ್ಯಾಲೆ ನಾನ ಇಡತೇನಿ. ಖರೇ, ತಿಜೋರಿ ಚಾವಿ ನನ್ನ ಕಡೆ ಇರಬೇಕು."

ಗುರಲಿಂಗಪ್ಪ ಗಾಡಿಯ ಪಕ್ಕ ನಿಂತೇ ಇದನ್ನು ಆ ಕಡೆಯಿಂದ ಈ ಕಡೆಯಿಂದ ತಿರುಗಿಸಿ ನೋಡಿದ. "ಚಾವಿ ನಿನ್ನ ಕಡೆ ಇದ್ರ ಕೀಲಿ ಯಾತಕ್ಕ ಹಾಕೂದು?"

"ಬ್ಯಾರೆದವರ ಕಡೆ ಇದ್ರ ಯಾತಕ್ಕ ಹಾಕೂದು?" ಎಂದಳು ಮಗಳು.

ಗುರಲಿಂಗಪ್ಪ ಉಡದಾರಕ್ಕೆ ಕಟ್ಟಿಕೊಂಡಿದ್ದ ಚಾವಿಯನ್ನು, ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿಯ ಎದುರಿಗೇ, ಪಂಚೆಯ ಮರೆಯಲ್ಲಿ ತಡಕಾಡಿ ಬಿಚ್ಚಿ ಕೊಟ್ಟ.

ಮರುದಿನ ಐಶ್ವರ್ಯ ಮೊದಲ ಬಸ್ಸಿಗೇ ಹೋದಳು. ಗುರಲಿಂಗಪ್ಪ ಸ್ನಾನ ಮುಗಿಸಿ ಬಂದು ತಿಜೋರಿಯ ಮುಂದೆ ನಿಂತ. ಒಗೆದ ಪಂಚೆ, ಅಂಗಿ, ಟೊಪ್ಪಿಗೆ ಎಲ್ಲ ಒಳಗಿದ್ದವು. ಚಾವಿ ವಿಜಯಪುರದಲ್ಲಿತ್ತು. "ಸಂಜೀತನಾ ಹೆಂಗಿರ್ಲಿ ನಾ?" ಎಂದು ಅವನು ರೇಣುಕವ್ವನನ್ನು ಕೇಳಿದ. ಅವಳು ಮಗಳ ಹಳೆಯ ಟವೆಲ್ಲೊಂದನ್ನು ಅವನ ಹೆಗಲಿಗೆ ಹಾಕಿ, ಅಂಗಡಿಗೆ ಹೀಗೇ ಹೋಗುತ್ತೀರೋ ಮನೆಯಲ್ಲೇ ಇರುತ್ತೀರೋ ಎಂದು ಕೇಳಿ ಒಲೆಯ ಕಡೆ ನಡೆದಳು. ಅದನ್ನು ಅವನು ಇನ್ನೂ ಯೋಚಿಸುತ್ತ ನಿಂತಿದ್ದ.